ಮಾತಾಡುವ ಯಂತ್ರ, ಹೊಣೆ ಹೊರುವ ಮನುಷ್ಯ

ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿಗೋ ಸರಕಾರಿ ಇಲಾಖೆಗೋ ಒಂದು ಸಂದೇಶ ಕಳುಹಿಸಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಉತ್ತರಿಸುವುದು ಮನುಷ್ಯನಲ್ಲ, ಚಾಟ್‌ಬಾಟ್ ಎಂಬ ಸಾಫ್ಟ್‌ವೇರ್. ಇದನ್ನು ನಿನ್ನೆ ಮೊನ್ನೆಯ ಸೋಜಿಗವೆಂದು ಭಾವಿಸುವವರೇ ಹೆಚ್ಚು. ಆದರೆ ಇದಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ. ಯಂತ್ರ ಯಾವ ವಿಷಯದಲ್ಲಿ, ಎಷ್ಟರ ಮಟ್ಟಿಗೆ ಮಾತಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕಾದವನು ಮನುಷ್ಯ ಎಂಬುದೇ ಆ ಇತಿಹಾಸ ಕಲಿಸುವ ಪಾಠ.

ಜೋಸೆಫ್ ವೈಜೆನ್‌ಬಾಮ್ 1923ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ನಾಜಿಗಳ ಕಾಲದಲ್ಲಿ, 1936ರಲ್ಲಿ, ಆ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಅವರು 1966ರಲ್ಲಿ 'ಎಲಿಜಾ' ಎಂಬ ಪ್ರೋಗ್ರಾಮಿನ ವಿವರಗಳನ್ನು ಪ್ರಕಟಿಸಿದರು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದ ನಾಯಕಿಯ ಹೆಸರದು. ಎಲಿಜಾಳಿಗೆ ಅರ್ಥಜ್ಞಾನವಿರಲಿಲ್ಲ. ಎದುರಿನವರು ಟೈಪಿಸಿದ ವಾಕ್ಯದಲ್ಲಿ 'ಅಮ್ಮ' ಎಂಬ ಪದ ಕಂಡರೆ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಎನ್ನುವುದು, ಏನೂ ತಿಳಿಯದಿದ್ದರೆ ಮುಂದುವರಿಸಿ ಎನ್ನುವುದು, ಇಷ್ಟೇ ಅವಳ ವಿದ್ಯೆ.

ಅವರ ಜಾಣತನವಿದ್ದದ್ದು ಪಾತ್ರದ ಆಯ್ಕೆಯಲ್ಲಿ. ಎಲಿಜಾಳಿಗೆ ಅವರು ಮನೋಚಿಕಿತ್ಸಕನ ವೇಷ ಹಾಕಿದರು. ರೋಗಿಯ ಮಾತನ್ನೇ ಪ್ರಶ್ನೆಯಾಗಿಸಿ ಮರಳಿಸುವ ವೈದ್ಯನಿಗೆ ಲೋಕಜ್ಞಾನ ಇರಲೇಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಫಲ ಕಂಡು ಅವರೇ ಬೆಚ್ಚಿದರು. ಇದು ಬರೀ ಪ್ರೋಗ್ರಾಮ್ ಎಂದು ಗೊತ್ತಿದ್ದ ಅವರ ಕಾರ್ಯದರ್ಶಿಯೇ, ನಾಲ್ಕು ಮಾತು ಆಡಿದ ಬಳಿಕ, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. 1976ರಲ್ಲಿ ಪುಸ್ತಕವೊಂದನ್ನು ಬರೆದು, ಮನುಷ್ಯನ ವಿವೇಕಕ್ಕೆ ಬಿಡಬೇಕಾದ ಕೆಲಸಗಳನ್ನು ಕಂಪ್ಯೂಟರಿಗೆ ಒಪ್ಪಿಸಬಾರದು ಎಂದು ಅವರು ವಾದಿಸಿದರು.

ಸಂದೇಶ ಕಳುಹಿಸುವ ಸೇವೆಗಳಿಗೆ ಈ ವಿದ್ಯೆ ಬಂದದ್ದು ಆಮೇಲೆ. 2001ರಲ್ಲಿ ಅಮೆರಿಕದ ಎಒಎಲ್ ಮೆಸೆಂಜರಿನಲ್ಲಿ 'ಸ್ಮಾರ್ಟರ್‌ಚೈಲ್ಡ್' ಕಾಣಿಸಿಕೊಂಡಿತು. ಹವಾಮಾನ, ಆಟದ ಸ್ಕೋರು, ಸಿನಿಮಾ ವೇಳೆ ಮುಂತಾದವನ್ನು ಕೇಳಿದರೆ ಹೇಳುತ್ತಿತ್ತು. ಇದಕ್ಕೆ ವ್ಯತಿರಿಕ್ತವಾಗಿ ಮೈಕ್ರೋಸಾಫ್ಟ್ 2016ರ ಮಾರ್ಚಿನಲ್ಲಿ ಟ್ವಿಟರ್‌ಗೆ ಬಿಟ್ಟ 'ಟೇ' ಎಂಬ ಬಾಟ್ ಮಾತಾಡಿಸಿದವರಿಂದಲೇ ಕಲಿಯುವಂಥದ್ದು. ಕಿಡಿಗೇಡಿಗಳು ಅದಕ್ಕೆ ದ್ವೇಷದ ಮಾತುಗಳನ್ನು ಕಲಿಸಿದರು. ದಿನ ಕಳೆಯುವುದರೊಳಗೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ನಮ್ಮ ದೇಶದಲ್ಲಿ 2020ರ ಮಾರ್ಚಿನಲ್ಲಿ ಕೊರೊನಾ ಮಾಹಿತಿಗಾಗಿ ಕೇಂದ್ರ ಸರಕಾರ ವಾಟ್ಸ್‌ಆ್ಯಪ್ ಸಹಾಯವಾಣಿ ಆರಂಭಿಸಿತು. 2021ರ ಆಗಸ್ಟಿನಿಂದ ಲಸಿಕೆಯ ಪ್ರಮಾಣಪತ್ರವೂ ಅದರಲ್ಲೇ ಸಿಗತೊಡಗಿತು. ಜನರ ಕೈಯಲ್ಲಿ ಮೊದಲೇ ಇದ್ದ ಆ್ಯಪ್, ಜನರಿಗೆ ಅಗತ್ಯವಿದ್ದ ಒಂದು ಕಾಗದ. ಅದರ ಉಪಯುಕ್ತತೆಯ ಗುಟ್ಟು ಇಷ್ಟೇ.

ಹಾಗಾದರೆ ಒಳ್ಳೆಯ ಬಾಟ್ ರೂಪಿಸುವುದು ಹೇಗೆ? ತಾಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರನ್ನು ನೋಡಿ. ಅವರು ಒಮ್ಮೆಗೆ ಒಂದೇ ಪ್ರಶ್ನೆ ಕೇಳುತ್ತಾರೆ. ಕೆಲಸಕ್ಕೆ ಬೇಡದ್ದನ್ನು ಕೇಳುವುದಿಲ್ಲ. ಬರೆದದ್ದನ್ನು ಓದಿ ಹೇಳಿ, ಸರಿಯೇ ಎಂದು ವಿಚಾರಿಸುತ್ತಾರೆ. ತಮಗೆ ತಿಳಿಯದಿದ್ದರೆ ಒಳಗಿನ ಗುಮಾಸ್ತರತ್ತ ಕೈ ತೋರಿಸುತ್ತಾರೆ. ಬಾಟ್‌ಗೂ ಈ ನಾಲ್ಕು ಗುಣಗಳು ಬೇಕು. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಮೊದಲು ಕಲೆಹಾಕಬೇಕು. ತಾನು ಯಂತ್ರವೆಂದು ಅದು ಮೊದಲ ಮಾತಿನಲ್ಲೇ ತಿಳಿಸಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವವರು, ಮನೆಯಲ್ಲಿ ದಖನಿಯನ್ನೋ ಬ್ಯಾರಿಯನ್ನೋ ಆಡುವವರು, ಓದು ಬರಹ ಬಾರದೆ ಧ್ವನಿಯಲ್ಲೇ ಕೇಳುವವರು ನಮ್ಮಲ್ಲಿದ್ದಾರೆ. ಅವರನ್ನು ಮರೆತ ಬಾಟ್ ಕಚೇರಿಯ ಹಳೆಯ ಬಾಗಿಲನ್ನೇ ಇನ್ನೊಮ್ಮೆ ಮುಚ್ಚಿದಂತೆ.

ಇನ್ನುಳಿದದ್ದು ಹೊಣೆಯ ಪ್ರಶ್ನೆ. ಏರ್ ಕೆನಡಾದ ಚಾಟ್‌ಬಾಟ್, ಸಾವಿನ ಮನೆಯ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದೆಂದು ತಪ್ಪು ಮಾಹಿತಿ ಕೊಟ್ಟಿತ್ತು. ಬಾಟ್ ಬೇರೆಯೇ ಒಂದು ವ್ಯಕ್ತಿತ್ವ, ಅದರ ಮಾತಿಗೆ ಅದೇ ಹೊಣೆ ಎಂಬ ಧಾಟಿಯಲ್ಲಿ ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಇದನ್ನು ತಳ್ಳಿಹಾಕಿ, ಪ್ರಯಾಣಿಕರಿಗೆ ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಮೊತ್ತ ಸಣ್ಣದು, ತೀರ್ಪು ದೊಡ್ಡದು. ಪಡಿತರ, ಪಿಂಚಣಿ, ವಿದ್ಯಾರ್ಥಿವೇತನದ ಪ್ರಶ್ನೆಗಳಿಗೂ ಯಂತ್ರವೇ ಉತ್ತರ ಹೇಳುವ ಕಾಲದಲ್ಲಿ, ತಪ್ಪು ಉತ್ತರದಿಂದ ಒಬ್ಬ ವಿಧವೆಯ ಪಿಂಚಣಿ ನಿಂತರೆ, ಅವಳು ಯಾರ ಬಾಗಿಲು ತಟ್ಟಬೇಕು? ಬಾಟ್ ಕಟ್ಟುವವರು ಮೊದಲ ಸಾಲು ಬರೆಯುವ ಮುನ್ನವೇ ಆ ಬಾಗಿಲಿನ ವಿಳಾಸವನ್ನು ಬರೆದಿಡಬೇಕು.