ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’: ಬಾಲವಕ್ತೃವೂ ವಾಚಕರ ಮತಭೇದವೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಗ್ರಂಥಕರ್ತರಲ್ಲಿ ಅಗ್ರಗಣ್ಯನಾದ ಮಾರ್ಕ್ ಟ್ವೇನನು (1835–1910) ‘ಹಕಲ್‌ಬೆರಿ ಫಿನ್ನನ ಸಾಹಸಗಳು’ ಎಂಬ ಕಾದಂಬರಿಯನ್ನು 1876ರಲ್ಲಿ ಆರಂಭಿಸಿ, ನಡುನಡುವೆ ಕೈಬಿಟ್ಟು, 1883ರಲ್ಲಿ ಮುಗಿಸಿದನು. ಅದು 1884ನೆಯ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ 1885ನೆಯ ಫೆಬ್ರವರಿಯಲ್ಲಿ ಅಮೆರಿಕಾದಲ್ಲಿಯೂ ಪ್ರಕಟವಾಯಿತು. ಮರುತಿಂಗಳೇ ಮ್ಯಾಸಚೂಸೆಟ್ಸ್ ಪ್ರಾಂತದ ಕಾಂಕಾರ್ಡ್ ಪಟ್ಟಣದ ಸಾರ್ವಜನಿಕ ಪುಸ್ತಕಭಂಡಾರದವರು ಅದನ್ನು ಹೊರಹಾಕಿದರು. ಅಂದಿನಿಂದ ಈ ಗ್ರಂಥಕ್ಕೆ ಸ್ತುತಿಯೂ ನಿಂದೆಯೂ ಜೊತೆಜೊತೆಯಾಗಿ ಸಂದಿವೆ. ಇದನ್ನು ನೀತಿವಾದಿಗಳಿಗೂ ಕಲಾವಾದಿಗಳಿಗೂ ನಡೆದ ಕಲಹವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕಥೆಯನ್ನು ಹೇಳುವವನು ಬಾಲಕನಾಗಿರುವುದೇ ಈ ವಿವಾದದ ಮೂಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಕ್ ಹದಿಮೂರು ಹದಿನಾಲ್ಕು ವರ್ಷದ ಹುಡುಗ. ಕುಡುಕ ತಂದೆಯ ಮಗ. ಗುಲಾಮಗಿರಿಯು ಕಾಯಿದೆಗೆ ಸಮ್ಮತವಾಗಿದ್ದ ಮಿಸೂರಿ ಸೀಮೆಯಲ್ಲಿ ಬೆಳೆದವನು. ತಂದೆಯ ಕೈಯಿಂದ ತಪ್ಪಿಸಿಕೊಂಡ ಇವನೂ, ಒಡತಿಯು ತನ್ನನ್ನು ಮಾರಿಬಿಡುವಳೆಂಬ ಭಯದಿಂದ ಓಡಿಬಂದ ಜಿಮ್ ಎಂಬ ಗುಲಾಮನೂ ಒಂದು ತೆಪ್ಪದ ಮೇಲೆ ಮಿಸಿಸಿಪ್ಪಿ ನದಿಯಲ್ಲಿ ಸಾಗುವುದೇ ಕಥಾವಸ್ತು. ಕಂಡುದೂ ಕೇಳಿದುದೂ ಎಲ್ಲವೂ ಹುಡುಗನ ಆಡುಮಾತಿನಲ್ಲಿಯೇ ಬರುವುದು. ಏಳು ಬಗೆಯ ಆಡುನುಡಿಗಳನ್ನು ಶ್ರಮಪಟ್ಟು ಬಳಸಿರುವುದಾಗಿ ಗ್ರಂಥಕರ್ತನು ಮೊದಲಿನಲ್ಲಿಯೇ ಸೂಚಿಸಿದ್ದಾನೆ. ಕಥೆಯೊಳಗೆ ಮಾತ್ರ ಅವನು ತಾನಾಗಿ ಬಾಯಿಬಿಡುವುದಿಲ್ಲ.

ಮೊದಲಿನ ಆಕ್ಷೇಪಗಳೆಲ್ಲ ಈ ಭಾಷೆಯ ಮೇಲೆಯೇ ಎದ್ದವು. ಕಾಂಕಾರ್ಡಿನವರಿಗೆ ಅದು ಒರಟಾಗಿಯೂ ಅಸಭ್ಯವಾಗಿಯೂ ಕಂಡಿತು. 1905ರಲ್ಲಿ ಬ್ರೂಕ್ಲಿನ್ ನಗರದ ಪುಸ್ತಕಭಂಡಾರದವರು ಅದನ್ನು ಮಕ್ಕಳ ವಿಭಾಗದಿಂದ ತೆಗೆದಿಟ್ಟರು. ಹುಡುಗನು ಮೈ ತುರಿಸಿಕೊಳ್ಳುತ್ತಾನೆ, ‘ಸ್ವೇದ’ವೆನ್ನಬೇಕಾದಲ್ಲಿ ‘ಬೆವರು’ ಎನ್ನುತ್ತಾನೆ ಎಂಬಂಥವು ಅಲ್ಲಿಯ ದೂರುಗಳು. ಆ ಹಿರಿಯರ ಚಿಂತೆಯೆಲ್ಲವೂ ಓದುವ ಮಕ್ಕಳ ನಡೆನುಡಿ ಕೆಟ್ಟೀತೆಂಬುದರ ಮೇಲಿದ್ದಿತೇ ಹೊರತು ಜಿಮ್‌ನ ಮೇಲಲ್ಲವೆಂಬುದನ್ನು ಗಮನಿಸಬೇಕು.

ಮುಂದೆ ಅದೇ ಭಾಷೆಯೇ ಕೀರ್ತಿಗೆ ಕಾರಣವಾಯಿತು. ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲವೂ ಈ ಒಂದು ಗ್ರಂಥದಿಂದ ಹೊರಟುದೆಂದು 1935ರಲ್ಲಿ ಹೆಮಿಂಗ್ವೇ ಬರೆದನು. ಆದರೂ ಜಿಮ್ ಸೆರೆಯಾದ ಮೇಲಿನ ಭಾಗವನ್ನು ಓದಬೇಕಾದುದಿಲ್ಲವೆಂದು ಅವನೇ ಹೇಳಿದನು. ಆ ಕೊನೆಯ ಅಧ್ಯಾಯಗಳಲ್ಲಿ ಟಾಮ್ ಸಾಯರನು, ಜಿಮ್‌ಗೆ ಒಡತಿಯ ಮರಣಶಾಸನದಿಂದ ಬಿಡುಗಡೆಯಾಗಿರುವುದನ್ನು ಬಲ್ಲವನಾಗಿಯೂ ಅದನ್ನು ಮುಚ್ಚಿಟ್ಟು, ಸೆರೆಬಿಡಿಸುವ ಆಟವನ್ನು ವಿನೋದಕ್ಕಾಗಿ ಬೆಳೆಸುತ್ತಾನೆ. 1948ರಲ್ಲಿ ಟ್ರಿಲಿಂಗನೂ 1950ರಲ್ಲಿ ಎಲಿಯಟ್ಟನೂ ಈ ಉಪಸಂಹಾರವನ್ನು ಸಮರ್ಥಿಸಿದರು; ಕಥೆಯು ಆರಂಭದ ಭಾವಕ್ಕೇ ಮರಳುವುದು ಉಚಿತವೆಂಬುದು ಎಲಿಯಟ್ಟನ ವಾದ. 1953ರಲ್ಲಿ ಲಿಯೊ ಮಾರ್ಕ್ಸನು ಇಬ್ಬರನ್ನೂ ಖಂಡಿಸಿ, ಆಕಾರದ ಅಂದಕ್ಕಾಗಿ ಜಿಮ್‌ನ ಮಾನವನ್ನು ಬಲಿಗೊಟ್ಟಂತಾಯಿತೆಂದು ವಾದಿಸಿದನು.

ಇಲ್ಲಿಗೆ ವಿವಾದವು ಹೊಸ ತಿರುವನ್ನು ಪಡೆಯಿತು. 1957ರಲ್ಲಿ ನ್ಯೂಯಾರ್ಕ್ ನಗರದ ವಿದ್ಯಾಮಂಡಲಿಯು ಕೆಳಗಿನ ತರಗತಿಗಳ ಅಂಗೀಕೃತ ಪಠ್ಯಗಳಿಂದ ಈ ಗ್ರಂಥವನ್ನು ಕೈಬಿಟ್ಟಿತು. ಕಪ್ಪು ವರ್ಣದವರನ್ನು ಹೀಯಾಳಿಸುವ ಶಬ್ದವೊಂದು ಇದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬಂದಿದೆ. 1958ರಲ್ಲಿ ಆಫ್ರಿಕಾ ಮೂಲದ ಲೇಖಕನಾದ ರಾಲ್ಫ್ ಎಲಿಸನ್ನನು, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಹಾಸ್ಯಾಟದ ಮುಖವಾಡವನ್ನು ಟ್ವೇನನು ಜಿಮ್‌ಗೆ ತೊಡಿಸಿರುವನೆಂದೂ, ಅವನ ಘನತೆಯು ಆ ಮುಖವಾಡದ ಹಿಂದಿನಿಂದಲೇ ಹೊರಹೊಮ್ಮುವುದೆಂದೂ ಬರೆದನು. ಸ್ತುತಿ ನಿಂದೆಗಳೆರಡಕ್ಕೂ ಇದರಲ್ಲಿ ಎಡೆಯುಂಟು.

ಈ ಮತಭೇದಕ್ಕೆ ಕಾರಣವೇನು? ಎರಡು ಸ್ಥಳಗಳನ್ನು ಪರಿಶೀಲಿಸೋಣ. 31ನೆಯ ಅಧ್ಯಾಯದಲ್ಲಿ ಹಕ್, ಜಿಮ್ ಇರುವ ಎಡೆಯನ್ನು ತಿಳಿಸಿ ಒಡತಿಗೆ ಪತ್ರ ಬರೆದು, ನರಕಕ್ಕಾದರೂ ಹೋಗುವೆನೆಂದು ನಿಶ್ಚಯಿಸಿ ಅದನ್ನು ಹರಿದುಹಾಕುತ್ತಾನೆ. ತಾನು ಮಾಡುತ್ತಿರುವುದು ಪಾಪವೆಂದೇ ಅವನ ನಂಬಿಕೆ. ಅದು ಪುಣ್ಯವೆಂದು ತಿಳಿಯಬೇಕಾದವನು ವಾಚಕ. ಮುಂದಿನ ಅಧ್ಯಾಯದಲ್ಲಿ, ಹಡಗಿನ ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾಯಿತೇ ಎಂದು ಗೃಹಿಣಿಯೊಬ್ಬಳು ಕೇಳಲು, ಯಾರಿಗೂ ಇಲ್ಲವೆಂದು ಹೇಳಿ, ಒಬ್ಬ ಕರಿಯನು ಸತ್ತನೆಂದು ಹಕ್ ಸೇರಿಸುತ್ತಾನೆ. ಅದೃಷ್ಟವೇ ಸರಿ, ಕೆಲವು ವೇಳೆ ಜನರಿಗೆ ಪೆಟ್ಟಾಗುವುದುಂಟು ಎಂದು ಆಕೆ ಉತ್ತರಕೊಡುವಳು. ಇಲ್ಲಿ ಹೇಳುವವನಿಗೂ ಕೇಳುವವಳಿಗೂ ಅರಿವಿಲ್ಲದ ಕ್ರೌರ್ಯವನ್ನು ವಾಚಕನೇ ಕಾಣಬೇಕು.

ವಕ್ತೃ, ಬೋದ್ಧವ್ಯ ಮೊದಲಾದವರ ವೈಶಿಷ್ಟ್ಯದಿಂದ ವ್ಯಂಗ್ಯಾರ್ಥವು ಹೊಳೆಯುವುದೆಂದು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ನಿರೂಪಿಸಿದ್ದಾನೆ. ಬೋದ್ಧವ್ಯನೆಂದರೆ ಯಾರನ್ನು ಕುರಿತು ಮಾತು ಹೊರಟಿದೆಯೋ ಅವನು. ಈ ಮಾತನ್ನು ವಾಚಕನವರೆಗೂ ವಿಸ್ತರಿಸಬಹುದು. ಟ್ವೇನನ ಸಮರ್ಥಕರು ವಕ್ತೃವನ್ನು ಮಾತ್ರ ನೋಡಿದರು: ಮಾತು ಹುಡುಗನದು, ಗ್ರಂಥಕರ್ತನದಲ್ಲ ಎಂದರು. ಅದು ದಿಟವೇ. ಆದರೆ ಬೋದ್ಧವ್ಯನು ಯಾರೆಂದು ಅವರು ಕೇಳಲಿಲ್ಲ. ಆ ಶಬ್ದವು ಯಾರ ಪೂರ್ವಿಕರ ಮೇಲೆ ಬೈಗುಳಾಗಿ ಬಿದ್ದಿತೋ ಆ ಮಗುವು ತರಗತಿಯಲ್ಲಿ ಕುಳಿತಿರುವಾಗ, ವ್ಯಂಗ್ಯಾರ್ಥವು ಹೊಳೆಯುವುದಕ್ಕೆ ಮೊದಲೇ ವಾಚ್ಯಾರ್ಥವು ನೋಯಿಸುವುದು. 1885ರ ಆಕ್ಷೇಪಕರಿಗೆ ಈ ಮಗುವಿನ ನೆನಪಿರಲಿಲ್ಲ; 1957ರಲ್ಲಿ ಅದನ್ನು ಮರೆಯುವುದು ಸಾಧ್ಯವಿರಲಿಲ್ಲ.

1996ರಲ್ಲಿ ಜೇನ್ ಸ್ಮೈಲಿಯು, ಗುಲಾಮಗಿರಿಯ ವಿಚಾರದಲ್ಲಿ ಸ್ಟೋ ಎಂಬಾಕೆಯ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಇದಕ್ಕಿಂತ ಮೇಲೆಂದಳು. ಅದೇ ವರ್ಷ ಟೋನಿ ಮಾರಿಸನ್ನಳು, ಮೊದಲ ಓದಿನಲ್ಲಿ ತನಗುಂಟಾದ ಕಳವಳವನ್ನು ಒಪ್ಪಿಕೊಂಡರೂ, ಗ್ರಂಥವನ್ನು ಶಾಲೆಯಿಂದ ತೆಗೆಯುವುದು ದೊಡ್ಡವರ ಸಮಾಧಾನಕ್ಕಲ್ಲದೆ ಮಕ್ಕಳ ಶಿಕ್ಷಣಕ್ಕಲ್ಲವೆಂದು ಬರೆದಳು. 2011ರಲ್ಲಿ ಅಲನ್ ಗ್ರಿಬ್ಬೆನ್ನನು ಆ ಶಬ್ದದ ಸ್ಥಾನದಲ್ಲಿ ‘ಗುಲಾಮ’ ಎಂದಿಟ್ಟು ಒಂದು ಆವೃತ್ತಿಯನ್ನು ಹೊರತಂದನು. ಮುಚ್ಚಿದ ತರಗತಿಗಳಲ್ಲಿ ಗ್ರಂಥವು ಮತ್ತೆ ಪ್ರವೇಶಿಸಲೆಂಬುದು ಅವನ ಸದುದ್ದೇಶ. ಆದರೆ ವಕ್ತೃವಿನ ನಾಲಗೆಯನ್ನು ತೊಳೆದರೆ ಅವನನ್ನು ಬೆಳೆಸಿದ ಸಮಾಜದ ಕೊಳೆಯೂ ಮರೆಯಾಗುವುದು. ಪತ್ರವನ್ನು ಹರಿಯುವ ಹುಡುಗನು ಗೆದ್ದುದು ಏನನ್ನು ಎಂಬುದೇ ತಿಳಿಯದೆ ಹೋಗುವುದು. ಪರ್ಸಿವಲ್ ಎವರೆಟ್ಟನು 2024ರಲ್ಲಿ ಪ್ರಕಟಿಸಿದ ‘ಜೇಮ್ಸ್’ ಬೇರೊಂದು ಮಾರ್ಗವನ್ನು ಹಿಡಿದಿದೆ: ಅಲ್ಲಿ ಕಥೆ ಹೇಳುವವನು ಜಿಮ್. ಅದು 2025ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು.

ಬಾಲಕನು ವಕ್ತೃವಾದ ಗ್ರಂಥದಲ್ಲಿ ತೀರ್ಪಿನ ಭಾರವು ವಾಚಕನ ಮೇಲೆ ಬೀಳುವುದು. ಆ ಭಾರವು ಎಲ್ಲ ವಾಚಕರಿಗೂ ಸಮನಲ್ಲವೆಂಬುದೇ ನೂರ ನಲವತ್ತು ವರ್ಷಗಳ ಈ ಮತಭೇದದಿಂದ ತಿಳಿದುಬರುವ ಅಂಶ. ಆದಕಾರಣ ಗ್ರಂಥವನ್ನು ತೆಗೆದುಹಾಕುವುದಾಗಲಿ ತಿದ್ದುವುದಾಗಲಿ ಪರಿಹಾರವಾಗಲಾರದು. ಗುಲಾಮಗಿರಿಯ ಚರಿತ್ರೆಯನ್ನು ಮೊದಲು ಬೋಧಿಸಿ, ಬಳಿಕ ಮೇಲಿನ ತರಗತಿಗಳಲ್ಲಿ ಇದನ್ನು ಓದಿಸುವುದು ಯುಕ್ತವೆಂದು ತೋರುತ್ತದೆ. ಮಾತು ಯಾರದು ಎಂಬ ಪ್ರಶ್ನೆಯೊಡನೆ, ಅದು ಯಾರ ಕಿವಿಗೆ ಬೀಳುವುದು ಎಂಬ ಪ್ರಶ್ನೆಯನ್ನೂ ಉಪಾಧ್ಯಾಯನು ಎತ್ತತಕ್ಕದ್ದು.