ಆರು ತಿಂಗಳ ಗಡುವು

ಅಪಘಾತದ ಸುದ್ದಿ ಓದಿದ ರಾತ್ರಿ ನನಗೆ ತಪ್ಪದೆ ಬರುವ ಪ್ರಶ್ನೆ: "ಪರಿಹಾರಕ್ಕೆ ಕೇಸ್ ಹಾಕೋಕೆ ಎಷ್ಟು ಟೈಮ್ ಇದೆ ಸರ್?" ನಾನು ಓದಿದ್ದು ಎಂಜಿನಿಯರಿಂಗ್. ಆದರೂ ಈ ಲೆಕ್ಕ ಕೆದಕಿ ನೋಡಿದೆ.

1939ರ ಮೋಟಾರು ವಾಹನ ಕಾಯ್ದೆ ಬಂದಾಗ ಗಾಯಾಳು ಸಿವಿಲ್ ಕೋರ್ಟಿಗೇ ಅಲೆಯಬೇಕಿತ್ತು. 1956ರ ತಿದ್ದುಪಡಿ ಪ್ರತ್ಯೇಕ ಟ್ರಿಬ್ಯೂನಲ್‌ಗೆ ದಾರಿ ಮಾಡಿತು. ಗಡುವು? ಮೊದಲು 60 ದಿನ, ಆಮೇಲೆ ಆರು ತಿಂಗಳು. ಯೋಚಿಸಿ ನೋಡಿ, ದುಡಿಯೋ ಗಂಡ ಲಾರಿಯಡಿ ಹೋಗಿದ್ದಾನೆ. ಹೆಂಡತಿ ತಿಥಿ ಮುಗಿಸಿ, ಎಫ್‌ಐಆರ್ ಪ್ರತಿಗೆ ಠಾಣೆ ಸುತ್ತಿ, ವಕೀಲರನ್ನು ಹುಡುಕೋಷ್ಟರಲ್ಲಿ ದಿನ ಕಳೆದಿರುತ್ತೆ. 1988ರ ಕಾಯ್ದೆಯಲ್ಲೂ ಅದೇ ಆರು ತಿಂಗಳು. 1994ರಲ್ಲಿ ಸಂಸತ್ತು ಗಡುವನ್ನೇ ಕಿತ್ತುಹಾಕಿತು. ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಮಾನವೀಯ ತಿದ್ದುಪಡಿ ನನಗೆ ಕಂಡಿಲ್ಲ.

2019ರಲ್ಲಿ ಊರೆಲ್ಲ ಹೆಲ್ಮೆಟ್ ದಂಡದ್ದೇ ಮಾತು. ಅದೇ ತಿದ್ದುಪಡಿಯೊಳಗೆ ಆರು ತಿಂಗಳು ಸದ್ದಿಲ್ಲದೆ ವಾಪಸ್ ಬಂತು. 2022ರ ಏಪ್ರಿಲ್ 1ರಿಂದ ಜಾರಿ. ಹಿಂದೆ ತಕ್ಕ ಕಾರಣ ಕೊಟ್ಟರೆ ಟ್ರಿಬ್ಯೂನಲ್ ತಡವನ್ನು ಮನ್ನಿಸಬಹುದಿತ್ತು, ಈಗಿನ ಸೆಕ್ಷನ್‌ನಲ್ಲಿ ಆ ಸಾಲೇ ಇಲ್ಲ. ಸುಳ್ಳು ಕ್ಲೇಮ್ ತಡೀಬೇಕು ಅಂತಾರೆ. ತಡೀರಿ. ಅದಕ್ಕೆ ಆ ಹೆಂಗಸಿನ ಮುಖಕ್ಕೆ ಬಾಗಿಲು ಹಾಕಬೇಕಾ?

ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಟ್ಟಿವೆ. ತೀರ್ಪು ಬರಲಿ ಅಂತ ಕೂರಬೇಡಿ. ಎಫ್‌ಐಆರ್ ತಾರೀಖಿನಿಂದಲ್ಲ, ಅಪಘಾತ ಆದ ದಿನದಿಂದಲೇ ಎಣಿಸಿ.