ಹರಿದ ಕೆಂಪು ಬಾವುಟ

ಪ್ರತಿವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ, ಬೆಳಕು ಹರಿಯುವ ಹೊತ್ತಿಗೆ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನೂರಾರು ಹಳೆಯ ಮೋಟಾರು ಗಾಡಿಗಳು ಸಾಲುಗೂಡುತ್ತವೆ. ಕೆಲವಕ್ಕೆ ಚಾವಣಿಯಿಲ್ಲ, ಕೆಲವಕ್ಕೆ ಮುಂಗಾಜಿಲ್ಲ. ಇನ್ನು ಕೆಲವನ್ನು ತಿರುಗಿಸಲು ಚಕ್ರವೂ ಇಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಹಿಡಿಕೆ ಮಾತ್ರ. ಎಲ್ಲವೂ 1905ನೆಯ ಇಸವಿಗೆ ಮೊದಲು ತಯಾರಾದವು. ಹೊರಡುವ ಮುನ್ನ ಎಲ್ಲರೆದುರು ಒಂದು ಕೆಂಪು ಬಾವುಟವನ್ನು ಹರಿಯುತ್ತಾರೆ. ಆಮೇಲೆ ಗಾಡಿಗಳು ದಕ್ಷಿಣದ ಕಡಲತೀರದಲ್ಲಿರುವ ಬ್ರೈಟನ್ ಪಟ್ಟಣದ ಕಡೆಗೆ, ಸುಮಾರು 60 ಮೈಲಿಗಳ ದಾರಿ ಹಿಡಿಯುತ್ತವೆ. ಇದು ಪಂದ್ಯವಲ್ಲ. ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ; ಗೊತ್ತಾದ ಹೊತ್ತಿನೊಳಗೆ ಮುಟ್ಟಿದವರಿಗೆಲ್ಲ ಒಂದೊಂದು ಪದಕ, ಅಷ್ಟೆ.

ಆ ಬಾವುಟವನ್ನು ಹರಿಯುವುದೇಕೆ? ಇದರ ಉತ್ತರಕ್ಕೆ 1865ರ ಒಂದು ಕಾಯಿದೆಯವರೆಗೆ ಹೋಗಬೇಕು. ಕುದುರೆಯಿಲ್ಲದೆ ಓಡುವ ಯಾವ ಬಂಡಿಯೂ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ಬೇಗ ಹೋಗಕೂಡದು. ಅದನ್ನು ನಡೆಸಲು ಮೂವರು ಇರಬೇಕು. ಅವರಲ್ಲೊಬ್ಬ ಕೆಂಪು ಬಾವುಟ ಹಿಡಿದು 60 ಗಜ ಮುಂದೆ ನಡೆಯಬೇಕು ಎಂದು ಬ್ರಿಟಿಷ್ ಪಾರ್ಲಿಮೆಂಟು ವಿಧಿಸಿತು. ಇಂದು ಇದನ್ನು ಕೇಳಿದರೆ ನಗು ಬರುವುದು ಸಹಜ. ಆದರೆ ಆ ಕಾಲದ ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಅಂದು ರಸ್ತೆಗಿಳಿದಿದ್ದ ಯಂತ್ರಗಳೆಂದರೆ ಹೊಗೆ ಉಗುಳುತ್ತ ನೆಲ ನಡುಗಿಸುವ, ಭಾರಿ ತೂಕದ ಉಗಿಬಂಡಿಗಳು. ರಸ್ತೆಯಾದರೋ ಕುದುರೆಗಳದು, ದನಕರುಗಳದು, ಎಲ್ಲಕ್ಕಿಂತ ಹೆಚ್ಚಾಗಿ ಕಾಲ್ನಡಿಗೆಯವರದು. ಬೆದರಿದ ಕುದುರೆಯ ಸವಾರ ಕೈಯೆತ್ತಿದರೆ ಯಂತ್ರ ನಿಲ್ಲಲೇಬೇಕೆಂದೂ ಅದೇ ಕಾಯಿದೆ ಹೇಳಿತ್ತು. 1878ರಲ್ಲಿ ಈ ಕಟ್ಟಳೆ ಸಡಿಲವಾಯಿತು. ಬಾವುಟದ ಕಡ್ಡಾಯ ಹೋಯಿತು. ಮುಂದೆ ನಡೆಯುವವನು ಮಾತ್ರ ಉಳಿದ, ಅವನ ಅಂತರ 20 ಗಜಕ್ಕಿಳಿಯಿತು.

ಪೆಟ್ರೋಲಿನಿಂದ ಓಡುವ ಹಗುರವಾದ ಮೋಟಾರು ಜರ್ಮನಿ, ಫ್ರಾನ್ಸ್ ದೇಶಗಳಿಂದ ಬಂದಾಗ ಈ ಹಳೆಯ ಕಟ್ಟಳೆ ಅದಕ್ಕೆ ಹೊಂದದಾಯಿತು. 1896ರ ಆಗಸ್ಟ್ 14ರಂದು ಹೊಸ ಕಾಯಿದೆಗೆ ರಾಜಮುದ್ರೆ ಬಿತ್ತು. ಮುಂದೆ ನಡೆಯುವವನಿಗೆ ಬಿಡುಗಡೆಯಾಯಿತು. ವೇಗದ ಮಿತಿ 14 ಮೈಲಿಗೇರಿತು, ಅಧಿಕಾರಿಗಳು ಅದನ್ನು 12ಕ್ಕೆ ತಗ್ಗಿಸಿದರು. ಕಾಯಿದೆ ಜಾರಿಗೆ ಬಂದ ದಿನ, ಅಂದರೆ ನವೆಂಬರ್ 14ರಂದು, ಮೋಟಾರು ಪ್ರೇಮಿಗಳು ಲಂಡನ್ನಿನ ಮೆಟ್ರೊಪೋಲ್ ಹೋಟೆಲಿನಲ್ಲಿ ಉಪಾಹಾರಕ್ಕೆ ಸೇರಿದರು. ವಿಂಚಿಲ್ಸಿ ಪ್ರಭು ಎದ್ದು ನಿಂತು ಕೆಂಪು ಬಾವುಟವನ್ನು ಹರಿದು ಹಾಕಿದ. ಹದಿನೆಂಟು ವರ್ಷಗಳ ಹಿಂದೆಯೇ ಕಡ್ಡಾಯ ತಪ್ಪಿದ್ದ ಬಾವುಟವದು! ಆದರೆ ಜನರ ಮನಸ್ಸಿನಲ್ಲಿ ಅದು ಇನ್ನೂ ಹಾರಾಡುತ್ತಿತ್ತು. ಹರಿಯಲು ಅಷ್ಟು ಸಾಕಾಗಿತ್ತು.

ಅಂದು ಮಳೆ, ಗಾಳಿ, ರಸ್ತೆಯ ತುಂಬ ಕೆಸರು. 33 ಗಾಡಿಗಳು ಹೊರಟವು, 17 ಬ್ರೈಟನ್ ಮುಟ್ಟಿದವು ಎಂದು ಲೆಕ್ಕ ಹೇಳುತ್ತಾರೆ. ಮುಟ್ಟಿದವುಗಳಲ್ಲಿ ಒಂದು ರೈಲಿನಲ್ಲಿ ಬಂದು, ಊರ ಹತ್ತಿರ ಇಳಿದು, ಮೈಗೆ ಕೆಸರು ಬಳಿಸಿಕೊಂಡು ಮೆರೆಯಿತೆಂಬ ಮಾತೂ ಉಳಿದುಬಂದಿದೆ. ಈ ಯಾತ್ರೆಯ ಸೂತ್ರಧಾರ ಹ್ಯಾರಿ ಲಾಸನ್. ಸರಪಳಿಯಿಂದ ಹಿಂಗಾಲಿ ತಿರುಗುವ ಸೈಕಲ್ಲನ್ನು ರೂಪಿಸಿದ ಮೊದಲಿಗರಲ್ಲಿ ಒಬ್ಬ. ಕಾವೆಂಟ್ರಿಯಲ್ಲಿ ಡೈಮ್ಲರ್ ಕಂಪನಿಯನ್ನು ಕಟ್ಟಿದವ. ಮೋಟಾರಿನ ಪೇಟೆಂಟುಗಳನ್ನೆಲ್ಲ ಕೊಂಡು ಇಡೀ ಉದ್ಯಮವನ್ನು ಕೈವಶ ಮಾಡಿಕೊಳ್ಳಬೇಕೆಂಬುದು ಅವನ ಹಂಬಲ. 1904ರಲ್ಲಿ ಷೇರುದಾರರನ್ನು ವಂಚಿಸಿದ ಅಪರಾಧಕ್ಕೆ ಅವನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು. ಹೀಗೆ ಸ್ವಾತಂತ್ರ್ಯದ ಮೆರವಣಿಗೆಯಲ್ಲಿ ವ್ಯಾಪಾರದ ಡಂಗುರವೂ ಕೇಳಿಸುತ್ತಿತ್ತು.

ಇನ್ನೊಂದು ದನಿಯೂ ಇದೆ; ಅದು ಮೆಲ್ಲನೆಯದು. ಹೊಸ ಕಾಯಿದೆಗೆ ರಾಜಮುದ್ರೆ ಬಿದ್ದ ಮೂರನೆಯ ದಿನ, ಆಗಸ್ಟ್ 17ರಂದು, ಕ್ರಾಯ್ಡನ್ನಿನ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮಗಳ ಕೈಹಿಡಿದು ಕ್ರಿಸ್ಟಲ್ ಪ್ಯಾಲೆಸ್ಸಿನ ಉತ್ಸವಕ್ಕೆ ಬಂದಿದ್ದಳು. ಅಲ್ಲಿ ಪ್ರದರ್ಶನಕ್ಕೆಂದು ಓಡುತ್ತಿದ್ದ ಮೋಟಾರು ಗಾಡಿ ಅವಳಿಗೆ ಬಡಿಯಿತು. ಬ್ರಿಟನ್ನಿನಲ್ಲಿ ಪೆಟ್ರೋಲ್ ಗಾಡಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಅವಳೇ. ಗಾಡಿ ಗಂಟೆಗೆ 4 ಮೈಲಿ ವೇಗದಲ್ಲಿತ್ತೆಂದು ಚಾಲಕ ಹೇಳಿದ. ಒಳ್ಳೆಯ ಕುದುರೆಯ ನಾಗಾಲೋಟದಷ್ಟಿತ್ತೆಂದು ಕಂಡವರೊಬ್ಬರು ಹೇಳಿದರು. ಆಕಸ್ಮಿಕ ಮರಣವೆಂದು ತೀರ್ಪಾಯಿತು. ಇಂಥದು ಇನ್ನೆಂದೂ ಆಗದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದ. ಮೂರು ತಿಂಗಳ ಬಳಿಕ ಆ ಮೆರವಣಿಗೆ ಅವಳ ಊರಾದ ಕ್ರಾಯ್ಡನ್ನಿನ ಮೂಲಕವೇ ಸಾಗಿತು.

1903ರಲ್ಲಿ ಮಿತಿ 20 ಮೈಲಿಗೇರಿತು. 1930ರಲ್ಲಿ ಕಾರುಗಳಿಗೆ ಮಿತಿಯೇ ಇಲ್ಲವಾಯಿತು. 1934ರೊಂದರಲ್ಲೇ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,000ಕ್ಕೂ ಮಿಕ್ಕಿದರು. 1935ರಲ್ಲಿ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿ ಮತ್ತೆ ಬಂತು. 2023ರಲ್ಲಿ ವೇಲ್ಸ್ ಪ್ರಾಂತವು ಊರೊಳಗಿನ ಸಾಮಾನ್ಯ ಮಿತಿಯನ್ನು 20ಕ್ಕೆ ಇಳಿಸಿದಾಗ, ಬಂಡಿ 1903ರ ಅಂಕೆಗೇ ಹಿಂತಿರುಗಿದಂತಾಯಿತು.

ಬ್ರೈಟನ್ ಯಾತ್ರೆಯ ಪುನರುಜ್ಜೀವನವಾದದ್ದು 1927ರಲ್ಲಿ. 1930ರಿಂದ ರಾಯಲ್ ಆಟೊಮೊಬೈಲ್ ಕ್ಲಬ್ ಅದನ್ನು ನಡೆಸುತ್ತಿದೆ; ಹಳೆಯ ಗಾಡಿಗಳನ್ನು ಕಾಪಾಡುವ ವೆಟರನ್ ಕಾರ್ ಕ್ಲಬ್ ಹುಟ್ಟಿದ್ದೂ ಅದೇ ವರ್ಷ. ಯುದ್ಧದ ವರ್ಷಗಳಲ್ಲಿ, ಪೆಟ್ರೋಲಿಗೆ ಪಡಿತರವಿದ್ದ 1947ರಲ್ಲಿ, ಸಾಂಕ್ರಾಮಿಕ ರೋಗದ 2020ರಲ್ಲಿ ಮಾತ್ರ ಯಾತ್ರೆ ನಿಂತಿತು. ಇದನ್ನೇ ಹಿನ್ನೆಲೆಯಾಗಿಟ್ಟುಕೊಂಡ ‘ಜೆನವೀವ್’ ಎಂಬ 1953ರ ಚಲನಚಿತ್ರವು ಹಳೆಯ ಕಾರುಗಳ ಮೇಲಿನ ಒಲವನ್ನು ಮನೆಮಾತಾಗಿಸಿತು.

ಲಂಡನ್ನಿನ ಮನೆಸಾಲುಗಳು ಹಿಂದೆ ಸರಿದ ಮೇಲೆ ದಾರಿ ಸುಣ್ಣಕಲ್ಲಿನ ಗುಡ್ಡಸಾಲನ್ನು ದಾಟಿ ವೀಲ್ಡ್ ಎಂಬ ತಗ್ಗುಸೀಮೆಗಿಳಿಯುತ್ತದೆ. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಅದು ಹಳುವಾದ ಕಾಡು. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದವು. ಈಗ ಓಕ್, ಬೀಚ್ ಮರಗಳು ಹೊನ್ನಿನ, ತಾಮ್ರದ ಬಣ್ಣಕ್ಕೆ ತಿರುಗಿ ಎಲೆಯುದುರಿಸುವ ಕಾಲ. ಕೊನೆಯಲ್ಲಿ ದಕ್ಷಿಣದ ಗುಡ್ಡಸಾಲಿನ ಏರು. ಅಲ್ಲಿ ಎಷ್ಟೋ ಗಾಡಿಗಳ ನೀರು ಕುದಿಯುತ್ತದೆ, ಕುಳಿತವರು ಇಳಿದು ನೂಕುತ್ತಾರೆ. ಮೋಟಾರು ಹುಟ್ಟುವ ಮುನ್ನ ಈ ನಾಡು ಯಾವ ನಡಿಗೆಯಲ್ಲಿ ಕಾಣುತ್ತಿತ್ತೋ, ಅದೇ ನಡಿಗೆಯಲ್ಲಿ ಮೊದಲ ಮೋಟಾರುಗಳು ಅದನ್ನು ಮತ್ತೆ ತೋರಿಸುತ್ತವೆ.

ನಮ್ಮ ಊರುಗಳಲ್ಲಿ ವರ್ಷವಿಡೀ ಮುಚ್ಚಿಟ್ಟ ತೇರು ಒಂದು ದಿನ ಹೊರಬಂದು ಬೀದಿ ಕಾಣುವುದುಂಟು. ತೇರಿನ ಸುತ್ತ ಹಗ್ಗ ಹಿಡಿದು ಎಳೆಯುವವರಿರುತ್ತಾರೆ. ಗಾಲಿಯ ಪಕ್ಕದಲ್ಲೇ ನಡೆದು, ಬೇಕಾದಲ್ಲಿ ಮರದ ತುಂಡು ಕೊಟ್ಟು ತಡೆಯುವವರೂ ಇರುತ್ತಾರೆ. ಅವರಿಲ್ಲದೆ ತೇರನ್ನು ಬೀದಿಗೆ ಬಿಡಲು ಯಾರೂ ಒಪ್ಪುವುದಿಲ್ಲ. ಬ್ರೈಟನ್ ದಾರಿಯ ಬಾವುಟ ಹಿಡಿದವನ ಕೆಲಸವೂ ಅಂಥದೇ ಆಗಿತ್ತು. ಅವನನ್ನು ಮನೆಗೆ ಕಳುಹಿಸಿದ ಮೇಲೆ, ಅವನು ಮಾಡುತ್ತಿದ್ದುದನ್ನು ದೀಪಕಂಬಗಳಿಂದ, ಬಿಳಿಪಟ್ಟೆಗಳಿಂದ, ಮಿತಿಯ ಫಲಕಗಳಿಂದ ಮಾಡಿಸಲು ಅಲ್ಲಿಯ ಜನ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಹೆಣಗುತ್ತ ಬಂದಿದ್ದಾರೆ.